ಏರಿದ ಬೆಲ್ಲದ ನೀರು

ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಹಳೆಯ ಮಾಷ್ಟ್ರೊಬ್ಬರ ಬಗ್ಗೆ ಬರೆದುಕೊಡಬೇಕೆಂದು ಮಕ್ಕಳು ಮನೆಗೆ ಬಂದಿದ್ದರು. ಮಕ್ಕಳು ಎಂದರೆ ಅವರ ತಲೆಯೂ ಈಗ ನರೆತಿದೆ. ನಾನು ಗಂಟೆ ಹೊಡೆದಾಗ ಓಡಿ ಬರುತ್ತಿದ್ದವರು, ಹಾಗಾಗಿ ನನಗೆ ಮಕ್ಕಳೇ. ಮೊದಲ ಹೆಡ್‌ಮಾಷ್ಟ್ರ ಬಗ್ಗೆ ಬರೆದರೆ ಒಳ್ಳೆಯದು ಎಂದರು. ಅವರ ಪಟ ಆಫೀಸಿನ ಗೋಡೆಯಲ್ಲಿದೆ. ನಾನು ಬರೆಯಲು ಕುಳಿತದ್ದು ಪಟವಿಲ್ಲದ ಒಬ್ಬರ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಯಾಕೆಂದು ಓದಿದವರಿಗೆ ತಿಳಿಯುತ್ತದೆ.

ಅವರು ವಿಜ್ಞಾನದ ಮಾಷ್ಟ್ರು. ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಬೆಳ್ಳಾರೆಯಿಂದ ನಡೆದೇ ಬರಬೇಕಾದ ಊರಿನಲ್ಲಿ ನಮ್ಮ ಹೈಸ್ಕೂಲು ಶುರುವಾಗಿ ಕೆಲವೇ ವರ್ಷವಾಗಿತ್ತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಅಲ್ಲಿಯೇ ಜವಾನನಾಗಿ ಸೇರಿದ್ದೆ. ಗಂಟೆ ಹೊಡೆಯುವುದು, ಗುಡಿಸುವುದು, ವಿಜ್ಞಾನದ ಕೋಣೆಯ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಕೆಲಸ ಖಾಯಂ ಆಗಿರಲಿಲ್ಲ. ಶಾಲೆಗೇ ಖಾಯಂ ಮಾನ್ಯತೆ ಇರಲಿಲ್ಲ. ಮಾಷ್ಟ್ರ ಕೆಲಸವೂ ಹಾಗೆಯೇ ಇತ್ತು.

ನೋಡಲು ಕಡ್ಡಿಯಂತೆ ಇದ್ದರು. ಕೊರಳಪಟ್ಟಿ ಸವೆದ ಬಿಳಿ ಅಂಗಿ, ಮೊಣಕಾಲಿನ ಕೆಳಗೆ ಗಾಳಿಗೆ ಹಾರುವ ಪಂಚೆ. ಯಾವ ವಸ್ತು ಕೈಗೆ ಸಿಕ್ಕಿದರೂ ಮೊದಲು ಬೆಳಕಿಗೆ ಹಿಡಿಯುತ್ತಿದ್ದರು. ವೀಳ್ಯದೆಲೆ ಕೊಟ್ಟರೂ ಕಿಟಕಿಯ ಕಡೆ ಎತ್ತಿ ನರಗಳನ್ನು ನೋಡಿಯೇ ಸುಣ್ಣ ಹಚ್ಚುವುದು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದರು. ಬೆಳಿಗ್ಗೆ ಅಡಿಗೆಮನೆಗೆ ಇಣುಕಿ, ನೆನೆಹಾಕಿದ ಕಡಲೆಯನ್ನು ಬೆರಳಿನಲ್ಲಿ ಒತ್ತಿ, ನೀರಿಗೆ ಹಾಕಿ ಎಷ್ಟು ಹೊತ್ತಾಯಿತು ಎಂದು ಕೇಳುವರು. ಹೋಟೆಲಿನ ಭಟ್ರು ಒಮ್ಮೆ ನನ್ನೆದುರೇ ಹೇಳಿದ್ದರು:

"ಕಡ್ಲೆ ಉಬ್ಬುದು ನೋಡಿದ್ದು ಸಾಕು ಮಾಷ್ಟ್ರೆ. ಕೂತು ಎರಡು ದೋಸೆ ತಿನ್ನಿ. ನೀವೂ ಸ್ವಲ್ಪ ಉಬ್ಬುವ ಅಂದಾಜುಂಟಾ?"

ಮಾಷ್ಟ್ರು ನಕ್ಕರು. ದೋಸೆ ಮಾತ್ರ ಒಂದೇ ತಿಂದರು.

ಅವರ ಬಾಯಲ್ಲಿ 'ತಪ್ಪು' ಎಂಬ ಮಾತು ನಾನು ಕೇಳಿದ್ದಿಲ್ಲ. ಹುಡುಗರು ಏನಾದರೂ ತಲೆಕೆಳಗು ಉತ್ತರ ಹೇಳಿದರೆ, ಕಣ್ಣು ಸ್ವಲ್ಪ ಕಿರಿದು ಮಾಡಿ, "ಇನ್ನೊಮ್ಮೆ ನೋಡುವ" ಎನ್ನುತ್ತಿದ್ದರು. ಅಷ್ಟೆ. ಹೇಳಿದವನಿಗೆ ತನ್ನ ಉತ್ತರ ಬಿದ್ದುಹೋಯಿತು ಎಂದು ಗೊತ್ತಾಗುತ್ತಿತ್ತು, ಆದರೆ ತಾನು ಬಿದ್ದೆ ಎಂದು ಅನ್ನಿಸುತ್ತಿರಲಿಲ್ಲ. ಭಟ್ರ ಸಾಂಬಾರಿಗೆ ಉಪ್ಪು ಮರೆತುಹೋದ ದಿನವೂ ಅದೇ ಮಾತು. ಒಮ್ಮೆ ಮಾಷ್ಟ್ರುಗಳ ಮೀಟಿಂಗಿನಲ್ಲಿ ಹೆಡ್‌ಮಾಷ್ಟ್ರು ಯಾವುದೋ ನಿಯಮವನ್ನು ಗಟ್ಟಿಯಾಗಿ ಹೇಳಿದಾಗ ಇವರು ಮೆಲ್ಲಗೆ, "ಇನ್ನೊಮ್ಮೆ ನೋಡುವ ಸಾರ್" ಎಂದುಬಿಟ್ಟರು. ನಿಯಮ ತೆಗೆದು ನೋಡಿದರೆ ಇವರೇ ಸರಿ. ಹೆಡ್‌ಮಾಷ್ಟ್ರು ಮುಂದೆ ಬಹಳ ದಿನ ಇವರನ್ನು ಮಾತಾಡಿಸಲಿಲ್ಲ.

ನನ್ನನ್ನು ಪಾಠದ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದವರು ಅವರೊಬ್ಬರೇ. ನಾನು ಬಾಗಿಲ ಹೊರಗೆ ನಿಂತಿದ್ದರೆ ಕರೆದು, ಗಂಟೆ ಹೊಡೆಯಲು ಕೈ ಸಾಕು, ಕಿವಿ ಒಳಗಿರಲಿ ಎನ್ನುತ್ತಿದ್ದರು. ಹಾಗೆ ಕುಳಿತೇ ನಾನು ಜೀವಕೋಶದ ಪಾಠ ಕೇಳಿದ್ದು. ನಮ್ಮ ಮೈ, ಗಿಡದ ಮೈ ಎಲ್ಲ ಲೆಕ್ಕವಿಲ್ಲದಷ್ಟು ಸಣ್ಣ ಕೋಣೆಗಳಿಂದ ಆದದ್ದು. ಒಂದೊಂದು ಕೋಣೆಗೂ ಸುತ್ತ ಒಂದು ಪೊರೆ. ಅದಕ್ಕೆ ಬಾಗಿಲು ಎಂದು ಕಣ್ಣಿಗೆ ಕಾಣುವಂಥದ್ದಿಲ್ಲ, ಆದರೂ ಬೇಕಾದದ್ದು ಒಳಗೆ ಬರುತ್ತದೆ, ಬೇಡದ್ದು ಹೊರಗೆ ಹೋಗುತ್ತದೆ. ಇದನ್ನು ಹೇಳುವಾಗ ಅವರು ಕೈಯನ್ನು ಅಂಗಿಯ ತೋಳಿನ ಒಳಗೆ ಎಳೆದುಕೊಂಡು ಮತ್ತೆ ಹೊರಗೆ ತರುತ್ತಿದ್ದರು. ಮಕ್ಕಳು ನಗುತ್ತಿದ್ದರು.

"ಅನ್ನ ಬಸಿಯುವಾಗ ಎಂತ ಆಗ್ತದೆ?" ಎಂದು ಕೇಳಿದರು. "ಗಂಜಿ ಹೋಗ್ತದೆ, ಅನ್ನ ನಿಲ್ತದೆ. ಹಾಗೆಯೇ ಇದು. ಪೊರೆಯ ಮೂಲಕ ನೀರು ಹೋಗ್ತದೆ, ಬೆಲ್ಲ ನಿಲ್ತದೆ. ನೀರು ಸಣ್ಣದು, ಬೆಲ್ಲ ದೊಡ್ಡದು."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಬರುವ ನೀರು ಹೊರಗೂ ಹೋಗ್ಬಹುದಲ್ವಾ ಮಾಷ್ಟ್ರೆ?"

ಅವರಿಗೆ ಆದ ಸಂತೋಷ ಹೇಳತೀರದು. "ಹೋಗ್ತದೆ. ಬರುದೂ ಉಂಟು, ಹೋಗುದೂ ಉಂಟು. ಯಾವ ಬದಿಯಲ್ಲಿ ಕರಗಿದ್ದು ಹೆಚ್ಚುಂಟೋ ಆ ಬದಿಗೆ ಹೋಗುವ ನೀರು ಹೆಚ್ಚು. ಅಷ್ಟೇ ಲೆಕ್ಕ."

ಹೇಳಿದರೆ ಸಾಲದು, ಕಣ್ಣಿಗೆ ಕಾಣಿಸಬೇಕು ಎಂಬುದು ಅವರ ಹಟ. ಉದ್ದ ಕತ್ತಿನ ಗಾಜಿನ ಆಲಿಕೆಯ ಬಾಯಿಗೆ ಪೊರೆ ಕಟ್ಟಿ, ಬೆಲ್ಲದ ನೀರು ತುಂಬಿಸಿ, ಬಾಯಿ ಕೆಳಗಾಗಿ ನೀರಿನ ಪಾತ್ರೆಯಲ್ಲಿ ಇಳಿಸಿಟ್ಟರೆ, ಹೊರಗಿನ ನೀರು ಪೊರೆ ದಾಟಿ ಒಳಗೆ ಬಂದು, ಕೊಳವೆಯಲ್ಲಿ ಬೆಲ್ಲದ ನೀರು ತಾನಾಗಿ ಮೇಲೇರುತ್ತದೆ. ಆಲಿಕೆ ಇತ್ತು. ಬೆಲ್ಲ ಇತ್ತು. ಪೊರೆ ಇರಲಿಲ್ಲ. ಪುಸ್ತಕದಲ್ಲಿ ಪ್ರಾಣಿಯ ಮೂತ್ರಚೀಲ ಆಗುತ್ತದೆ ಎಂದಿತ್ತು. ಮಾಷ್ಟ್ರು ಈರುಳ್ಳಿಯನ್ನೂ ತಿನ್ನದ ಮನೆಯವರು. ನಾವು ಕೋಳಿ, ಕುರಿ ತಿನ್ನುವ ಗೌಡರ ಮನೆಯವರು. ಹಾಗಾಗಿ ಬೆಳ್ಳಾರೆ ಸಂತೆಗೆ ನನ್ನನ್ನು ಕಳುಹಿಸಿದರು.

ಆಡಿನ ಮಾಂಸ ಮಾರುವ ಬ್ಯಾರಿ ನಾನು ಕೇಳಿದ್ದನ್ನು ಕೇಳಿ ಕತ್ತಿ ಕೆಳಗಿಟ್ಟ. "ಇಷ್ಟು ವರ್ಷದಲ್ಲಿ ಇದನ್ನು ಕೇಳಿಕೊಂಡು ಬಂದವ ನೀನೊಬ್ಬನೇ ಮಾರಾಯ. ಎಂತ, ನಿಮ್ಮ ಶಾಲೆಯಲ್ಲಿ ಇದರ ಪಲ್ಯ ಮಾಡುದಾ?"

ನಾನು ಪಾಠಕ್ಕೆ ಎಂದೆ. ಅವನು ಸುತ್ತಲಿನವರಿಗೆಲ್ಲ ಅದನ್ನು ಕೂಗಿ ಹೇಳಿ, ಬಾಳೆಲೆಯಲ್ಲಿ ಕಟ್ಟಿ ಸುಮ್ಮನೆ ಕೊಟ್ಟ. ತೊಳೆಯುವುದು ನನ್ನ ಕೆಲಸ ಎಂದುಕೊಂಡಿದ್ದೆ. ಮಾಷ್ಟ್ರು ಬಿಡಲಿಲ್ಲ. ಜನಿವಾರವನ್ನು ಕಿವಿಗೆ ಸಿಕ್ಕಿಸಿಕೊಂಡು, ಶಾಲೆಯ ಹಿಂದೆ ಕೂತು, ಬೂದಿ ಹಾಕಿ ತಾವೇ ಉಜ್ಜಿದರು. ಕೊನೆಗೆ ಎರಡು ಕೈಯಲ್ಲಿ ಎಳೆದು ಬೆಳಕಿಗೆ ಹಿಡಿದು, "ನೋಡು, ಎಷ್ಟು ಚಂದ ಉಂಟು" ಎಂದರು. ನಾನು ಮೂಗು ಮುಚ್ಚಿಕೊಂಡಿದ್ದೆ. ಆಮೇಲೆ ಬಾವಿಕಟ್ಟೆಗೆ ಹೋಗಿ ಬಟ್ಟೆಯೊಂದಿಗೇ ಸ್ನಾನ ಮಾಡಿದರು.

ಮೊದಲ ಸಲ ಇಟ್ಟಾಗ ಕೊಳವೆಯಲ್ಲಿ ನೀರು ಏರಿತು. ಆದರೆ ಮರುದಿನಕ್ಕೆ ಕೋಣೆಯಿಡೀ ನಾತ. ಪಕ್ಕದ ಕೋಣೆಯಿಂದ ಹೆಡ್‌ಮಾಷ್ಟ್ರು ಬಂದು ಇಲ್ಲಿ ಸತ್ತದ್ದು ಎಂತ ಎಂದು ವಿಚಾರಿಸಿದರು. ಎರಡನೆಯ ಸಲವೂ ಅದೇ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಬರುವ ದಿನ ನಿಶ್ಚಯವಾಯಿತು. ವಿಜ್ಞಾನದ ಕೋಣೆ ಮೆಚ್ಚುಗೆಯಾದರೆ ಶಾಲೆಗೆ ಮಾನ್ಯತೆ, ಮಾಷ್ಟ್ರ ಕೆಲಸ ಖಾಯಂ, ನನ್ನದೂ ಖಾಯಂ ಎಂದು ಶಾಲೆ ನಡೆಸುವ ಸಂಚಾಲಕರು ಹೇಳಿದ್ದರು. ಹೆಡ್‌ಮಾಷ್ಟ್ರು ನನ್ನನ್ನು ಕರೆದು, ಇನ್ಸ್‌ಪೆಕ್ಟರ ಮೂಗಿಗೆ ಆ ನಾತ ಬಡಿದರೆ ಮೊದಲು ಮನೆಗೆ ಹೋಗುವವ ನೀನೇ ಎಂದರು.

ಹಿಂದಿನ ಸಂಜೆ ಮಾಷ್ಟ್ರು ಮೂರನೆಯ ಸಲ ಹೊಸ ಪೊರೆ ಕಟ್ಟಿ ಎಲ್ಲ ಸಿದ್ಧ ಮಾಡಿದರು. ಬೆಲ್ಲದ ನೀರು ಎಲ್ಲಿದೆಯೋ ಅಲ್ಲಿಗೆ ಕೊಳವೆಗೆ ಕೆಂಪು ನೂಲು ಕಟ್ಟಿದರು. ಬೀಗದ ಕೈ ನನ್ನ ಕೈಯಲ್ಲಿಟ್ಟು ಹೋದರು.

ನಮ್ಮ ಕಡೆಯಲ್ಲಿ ಯಾವುದೇ ವಸ್ತು ಕೊಳೆಯಬಾರದು ಎಂದಾದರೆ ಮಾಡುವುದು ಒಂದೇ. ಮಾವಿನ ಮಿಡಿಗೆ ಉಪ್ಪು, ಅಂಬಟೆಗೆ ಉಪ್ಪು, ಹಲಸಿನ ಸೊಳೆಗೆ ಉಪ್ಪು, ಉಳಿದ ಮೀನಿಗೆ ಉಪ್ಪು. ನಾನು ಭಟ್ರ ಹೋಟೆಲಿನಿಂದ ದೊಡ್ಡ ಎರಡು ಹಿಡಿ ಕಲ್ಲುಪ್ಪು ತಂದು, ಆಲಿಕೆಯ ಸುತ್ತಲಿನ ನೀರಿಗೆ ಹಾಕಿ, ಕರಗುವವರೆಗೆ ಕದಡಿ, ಬೀಗ ಹಾಕಿ ಮನೆಗೆ ಹೋದೆ. ಮಾಷ್ಟ್ರಿಗೆ ಒಂದು ಉಪಕಾರ ಮಾಡಿದ ಸಮಾಧಾನವಿತ್ತು. ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದವನಿಗೆ ಆಗ ಏನೂ ಹೊಳೆಯಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದೆ. ನಾತ ಇರಲಿಲ್ಲ. ಆದರೆ ಬೆಲ್ಲದ ನೀರು ಕೆಂಪು ನೂಲಿನಿಂದ ಎಷ್ಟೋ ಕೆಳಗೆ ಇಳಿದಿತ್ತು. ಪೊರೆ ತೂತಾಗಿದೆ ಎಂದು ತಿಳಿದೆ. ಹೊಸತು ಕಟ್ಟಲು ಪೊರೆಯೂ ಇಲ್ಲ, ಹೊತ್ತೂ ಇಲ್ಲ. ಡಬ್ಬಿಯಲ್ಲಿ ಬೆಲ್ಲ ಉಳಿದಿತ್ತು. ಕರಗಿಸಿ, ಶಾಯಿ ತುಂಬುವ ಗಾಜಿನ ನಳಿಗೆಯಿಂದ ಮೇಲಿನ ಬಾಯಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟು, ನೂಲಿನಿಂದ ಒಂದು ಗೇಣು ಮೇಲಕ್ಕೆ ತಂದು ನಿಲ್ಲಿಸಿದೆ. ಇದನ್ನು ತಿಳಿಯದೆ ಮಾಡಿದೆ ಎಂದು ಹೇಳಲಾರೆ. ಉಪ್ಪು ತಿಳಿಯದೆ ಹಾಕಿದ್ದು. ಇದು ತಿಳಿದು ಹೊಯ್ದದ್ದು.

ಮಾಷ್ಟ್ರು ಬಂದರು. ನೂಲು ನೋಡಿದರು, ಮೇಲೆ ನೋಡಿದರು. ಬಗ್ಗಿ ಕೊಳವೆಗೆ ಕಣ್ಣು ತಾಗುವಷ್ಟು ಹತ್ತಿರ ಹೋದರು. ಆಮೇಲೆ ನನ್ನ ಹೆಗಲು ಹಿಡಿದು ಅಲುಗಾಡಿಸಿದರು.

"ಏರಿದ್ದು ನೋಡು ಮಾರಾಯ. ಯಾರೂ ಮುಟ್ಲಿಲ್ಲ, ಯಾರೂ ಎತ್ಲಿಲ್ಲ. ತಾನೇ ಏರಿದ್ದು."

ಆ ಮುಖ ನೋಡಿ ನಾನು ಗಂಟೆ ಹೊಡೆಯಲು ಹೋದೆ.

ಇನ್ಸ್‌ಪೆಕ್ಟರು ಗಂಭೀರ ಮನುಷ್ಯ, ಆದರೆ ಕೆಟ್ಟವರಲ್ಲ. ಪಾಠ ಪೂರ್ತಿ ಕುಳಿತು ಕೇಳಿದರು. ಮಾಷ್ಟ್ರು ಶುರುವಿನಲ್ಲಿ ನೀರು ನಿಂತ ಜಾಗಕ್ಕೆ ಎರಡನೆಯ ನೂಲು ಕಟ್ಟಿ, ಪಾಠ ಮುಗಿಯುವಾಗ ಇದಕ್ಕಿಂತಲೂ ಮೇಲೆ ಹೋದರೆ ಆಶ್ಚರ್ಯವಿಲ್ಲ ಎಂದು ಮಕ್ಕಳಿಗೆ ಹೇಳಿದ್ದರು. ಮುಗಿಯುವ ಹೊತ್ತಿಗೆ ನೀರು ಎರಡನೆಯ ನೂಲಿನಿಂದ ಒಂದು ಬೆರಳು ಕೆಳಗಿತ್ತು. ಮೊದಲು ಕಂಡದ್ದು ಮಕ್ಕಳಿಗೆ. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಇದು ಇಳೀತಾ ಉಂಟಲ್ಲ ಮಾಷ್ಟ್ರೆ," ಎಂದರು ಇನ್ಸ್‌ಪೆಕ್ಟರು. "ಮೇಲಿಂದ ಹೊಯ್ದು ಇಟ್ಟದ್ದಾ?"

"ಇಲ್ಲ ಸಾರ್."

"ಮತ್ತೆ ಇಳಿಯುದು ಯಾಕೆ?"

ಮಾಷ್ಟ್ರು ಬಗ್ಗಿ ಕೊಳವೆಯನ್ನು ಇನ್ನೊಮ್ಮೆ ನೋಡಿದರು. ಪೊರೆ ತೂತಾಗಿರಬಹುದು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ತೂತಾಗಿದ್ದರೆ ರಾತ್ರಿ ಏರಿದ್ದು ಹೇಗೆ? ಬೀಗದ ಕೈ ಜವಾನನ ಹತ್ತಿರ ಇತ್ತು ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಗೊತ್ತಿಲ್ಲ ಸಾರ್," ಎಂದರು.

ಮಕ್ಕಳ ಎದುರು ಮಾಷ್ಟ್ರೊಬ್ಬರು ಆ ಮಾತು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಆ ಪಾತ್ರೆಯ ನೀರನ್ನು ಯಾರೂ ಮುಟ್ಟಲಿಲ್ಲ, ಮುಟ್ಟಿ ಬಾಯಿಗಿಡುವವರಂತೂ ಅಲ್ಲಿ ಇರಲಿಲ್ಲ. ಮಧ್ಯಾಹ್ನ ನಾನೇ ಅದನ್ನು ಹೊರಗಿನ ಗೋರಂಟೆ ಗಿಡದ ಬುಡಕ್ಕೆ ಚೆಲ್ಲಿ ಎಲ್ಲ ತೊಳೆದಿಟ್ಟೆ. ಆ ವಾರವೇ ಗಿಡ ಬಾಡಿತು. ಮಾಷ್ಟ್ರು ಅದರ ಹತ್ತಿರ ನಿಂತು ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ನೆನಪಿದೆ.

ಮಕ್ಕಳ ಎದುರು ಕಣ್ಕಟ್ಟು ಮಾಡುವವರನ್ನು ಇಟ್ಟುಕೊಳ್ಳಬೇಡಿ ಎಂದು ಇನ್ಸ್‌ಪೆಕ್ಟರು ಆಫೀಸಿನಲ್ಲಿ ಹೇಳಿದ್ದನ್ನು ಚಹಾ ತಂದ ನಾನು ಕೇಳಿಸಿಕೊಂಡೆ. ವರ್ಷ ಮುಗಿದ ಮೇಲೆ ಮಾಷ್ಟ್ರನ್ನು ಮುಂದುವರಿಸಲಿಲ್ಲ. ಅವರು ಕಡಬದ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಹೋದರು. ಅಲ್ಲಿ ಆಲಿಕೆಯೂ ಇಲ್ಲ, ವಿಜ್ಞಾನದ ಕೋಣೆಯೂ ಇಲ್ಲ. ಹೊರಡುವ ದಿನ ಅವರ ಟ್ರಂಕನ್ನು ಬಸ್ಸಿನವರೆಗೆ ಹೊತ್ತವನು ನಾನು. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: ಕೆಲಸ ಹೋದದ್ದು ಹೋಗಲಿ, ಅದು ಇಳಿದದ್ದು ಯಾಕೆ ಎಂದು ತಿಳಿದರೆ ಸಾಕಿತ್ತು. ಹೊಸ ವಿಜ್ಞಾನದ ಮಾಷ್ಟ್ರು ಬಂದರು. ಮುಂದಿನ ವರ್ಷ ಶಾಲೆಗೆ ಮಾನ್ಯತೆ ಸಿಕ್ಕಿತು, ನಾನು ಖಾಯಂ ಆದೆ.

ಅವರು ಹೋದ ಬೇಸಿಗೆಯಲ್ಲೇ ನನಗೆ ಉತ್ತರ ಸಿಕ್ಕಿತ್ತು. ಅಮ್ಮ ಹಲಸಿನ ಸೊಳೆ ಬಿಡಿಸಿ ಭರಣಿಗೆ ತುಂಬಿಸುತ್ತಿದ್ದರು, ಒಂದು ಪದರ ಸೊಳೆ, ಒಂದು ಪದರ ಉಪ್ಪು. ನೀರು ಬೇಡವೇ ಎಂದು ನನ್ನ ತಂಗಿ ಕೇಳಿದಳು. ನೀರು ಹಾಕಲಿಕ್ಕಿಲ್ಲ, ಉಪ್ಪು ಬಿದ್ದರೆ ಸೊಳೆಯೇ ನೀರು ಬಿಡುತ್ತದೆ ಎಂದರು ಅಮ್ಮ. ಭರಣಿಯ ಬಾಯಿ ಹಿಡಿದುಕೊಂಡಿದ್ದ ನನಗೆ ಮಾಷ್ಟ್ರ ಪಾಠ ನೆನಪಾಯಿತು. ಕರಗಿದ್ದು ಯಾವ ಬದಿಯಲ್ಲಿ ಹೆಚ್ಚೋ ಆ ಬದಿಗೆ ನೀರು. ಪೊರೆ ತೂತಾಗಿರಲಿಲ್ಲ. ಮಾಷ್ಟ್ರು ಹೇಳಿದ್ದನ್ನೇ ಅದು ಅಕ್ಷರಶಃ ಮಾಡಿತ್ತು.

ಕಡಬಕ್ಕೆ ಹೋಗಿ ಹೇಳಬೇಕು ಎಂದುಕೊಂಡೆ. ಮಳೆ ಕಳೆಯಲಿ ಎಂದೆ, ಮದುವೆ ಕಳೆಯಲಿ ಎಂದೆ. ವರ್ಷಗಳೇ ಕಳೆದವು.

ಕೊನೆಗೆ ಹೋದದ್ದು ಹೆಂಡತಿಯ ಕಡೆಯ ಒಂದು ಕೆಲಸದ ಮೇಲೆ. ಅರವತ್ತರ ದಶಕ ಅರ್ಧ ದಾಟಿತ್ತು. ಅವರ ಶಾಲೆ ಹುಡುಕಿಕೊಂಡು ಹೋದಾಗ ಜಗಲಿಯಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ನೀರಿನಲ್ಲಿ ಉಬ್ಬಿದ ಒಣದ್ರಾಕ್ಷಿ ತೋರಿಸುತ್ತಿದ್ದರು. ಇನ್ನೂ ತೆಳ್ಳಗಾಗಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದರು. ಮಕ್ಕಳಿಗೆ ಪರಿಚಯ ಮಾಡಿದ್ದು ಹೇಗೆ ಎಂದರೆ, "ನಾನು ಹೇಳ್ತೇನಲ್ಲ, ಇಳಿದ ನೀರಿನ ಕಥೆ. ಅಲ್ಲಿ ನನ್ನ ಜೊತೆ ಇದ್ದವರು ಇವರೇ."

ಅವರು ಪ್ರತಿ ವರ್ಷದ ಮಕ್ಕಳಿಗೂ ಅದನ್ನು ಹೇಳುತ್ತಿದ್ದರಂತೆ. "ಒಮ್ಮೆ ನಾನು ಕಣ್ಣಾರೆ ಕಂಡದ್ದಕ್ಕೆ ಕಾರಣ ನನಗೆ ಇನ್ನೂ ಗೊತ್ತಿಲ್ಲ, ನಿಮಗೆ ಯಾರಿಗಾದರೂ ಮುಂದೆ ಗೊತ್ತಾದರೆ ತಿಳಿಸಿ" ಎಂದು.

ಸಂಜೆ ಬಸ್ಸಿಗೆ ನನ್ನೊಂದಿಗೇ ಬಂದರು. ಚಹಾದಂಗಡಿಯ ಬೆಂಚಿನಲ್ಲಿ ಕುಳಿತಾಗ ಹೇಳಿದೆ. ನಾತಕ್ಕೆ ಹೆದರಿ ಹೊರಗಿನ ನೀರಿಗೆ ಉಪ್ಪು ಹಾಕಿದ್ದೆ ಎಂದೆ. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ಕುಳಿತೆ. ಅವರು ಬೈಯಲಿಲ್ಲ. ಲೋಟ ಬೆಂಚಿನ ಮೇಲಿಟ್ಟು ಕೈ ಚಪ್ಪಾಳೆಯಂತೆ ಸೇರಿಸಿಕೊಂಡರು.

"ಉಪ್ಪಾ? ಉಪ್ಪು ಹಾಕಿದ್ದಾ ನೀನು?" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದ್ರೆ ಅದು ಸರಿಯೇ ಮಾಡಿದ್ದು ಮಾರಾಯ. ಆ ಗೋರಂಟೆ ಸತ್ತದ್ದೂ ಅದರಿಂದಲೇ. ನಾನೊಬ್ಬ ದಡ್ಡ, ಎಲೆ ನೋಡಿದೆ, ಮಣ್ಣು ನೋಡ್ಲಿಲ್ಲ."

ಅಷ್ಟು ಸಂತೋಷದಲ್ಲಿಯೂ ಅವರ ಲೆಕ್ಕ ನಿಲ್ಲಲಿಲ್ಲ. ಬೆಂಚಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿನಿಂದ ಒಂದು ಗೀಟು ಎಳೆದರು, ಅದರ ಮೇಲೆ ಇನ್ನೊಂದು.

"ಉಪ್ಪು ಹಾಕಿದ್ದು ಯಾವಾಗ? ಹಿಂದಿನ ದಿನ ಸಂಜೆಯಾ, ಬೆಳಿಗ್ಗೆಯಾ?"

ಕೇಳಿದ್ದರಲ್ಲಿ ಸಂಶಯ ಇರಲಿಲ್ಲ. ಮಕ್ಕಳಿಗೆ ಸರಿಯಾಗಿ ಹೇಳಬೇಕಲ್ಲ ಎಂಬ ಕಾಳಜಿ ಅಷ್ಟೆ. ಆದರೆ ಸಂಜೆ ಎಂದರೆ ಬೆಳಿಗ್ಗೆ ನೀರು ಏರಿರಲು ಸಾಧ್ಯವೇ ಇಲ್ಲ. ಆಗ ಮುಂದಿನ ಪ್ರಶ್ನೆ ಒಂದೇ ಉಳಿಯುತ್ತದೆ. ಅವರನ್ನು ಮನೆಗೆ ಕಳುಹಿಸಿದ್ದು ಉಪ್ಪಲ್ಲ, ನಾನು ಹೊಯ್ದದ್ದು. ಹೆಗಲು ಹಿಡಿದು ಅಲುಗಾಡಿಸಿದ ಆ ಬೆಳಗಿನ ಮುಖ ನನ್ನ ಕಣ್ಣ ಮುಂದೆ ಬಂತು.

"ಬೆಳಿಗ್ಗೆ ಮಾಷ್ಟ್ರೆ. ನೀವು ಬಂದು ನೋಡಿ ಹೋದ ಮೇಲೆ ಹಾಕಿದ್ದು."

"ಆ ಹಾ. ರಾತ್ರಿ ಏರಿದ್ದು, ಉಪ್ಪು ಬಿದ್ದ ಮೇಲೆ ಇಳಿದದ್ದು," ಎಂದರು. ಎರಡೂ ಗೀಟುಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಮಾತು ಬೇರೆ ಕಡೆ ಹೋಯಿತು. ನನಗೆ ಮಕ್ಕಳೆಷ್ಟು, ಭಟ್ರು ಹೇಗಿದ್ದಾರೆ, ಶಾಲೆಗೆ ಕರೆಂಟು ಬಂತಾ ಎಂದೆಲ್ಲ ಕೇಳಿದರು.

ಪುತ್ತೂರಿನ ಬಸ್ಸು ಬಂತು. ಕಿಟಕಿಯ ಬದಿಯಲ್ಲಿ ಜಾಗ ಸಿಕ್ಕಿತು. ಅವರು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಿದ್ದರು. ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಅವರ ಕಣ್ಣು ಸ್ವಲ್ಪ ಕಿರಿದಾಯಿತು.

"ಆ ದಿವಸ ಬೆಳಿಗ್ಗೆ ನಾನು ಒಳಗೆ ಬಂದಾಗಲೇ ನಾತ ಇರ್ಲಿಲ್ಲ," ಎಂದರು. ಸಿಟ್ಟಿಲ್ಲ, ಬೇಸರವೂ ಇಲ್ಲ, ತರಗತಿಯ ಅದೇ ಸ್ವರ. "ಇನ್ನೊಮ್ಮೆ ನೋಡುವ."

ಬಸ್ಸು ಹೊರಟಿತು. ಇಳಿಯಬಹುದಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬರಬಹುದಿತ್ತು. ಮತ್ತೆಂದಾದರೂ ಹೋಗಬಹುದಿತ್ತು. ಅವರು ಬದುಕಿದ್ದಷ್ಟು ದಿನವೂ ಕಡಬಕ್ಕೆ ಬಸ್ಸಿತ್ತು. ಅವರು ತೀರಿಹೋದ ಸುದ್ದಿ ನನಗೆ ಸುಳ್ಯದಲ್ಲಿ ಸಿಕ್ಕಿದ ಕಡಬದವನೊಬ್ಬನಿಂದ ತಿಳಿಯಿತು. ಮಾಷ್ಟ್ರು ಕೊನೆಯವರೆಗೂ ಇಳಿದ ನೀರಿನ ಕಥೆ ಹೇಳುತ್ತಿದ್ದರೇ ಎಂದು ಕೇಳಿದೆ. ಹೇಳುತ್ತಿದ್ದರು, ಉಪ್ಪಿನಿಂದ ಇಳಿದದ್ದು ಎಂದು ಹೇಳುತ್ತಿದ್ದರು ಎಂದ. ಏರಿದ್ದು ಹೇಗೆ ಎಂದು ಮಕ್ಕಳು ಕೇಳಿದರೆ ಮಾತ್ರ, ಅದನ್ನು ಹೇಳಬೇಕಾದವರು ಬೇರೆ ಇದ್ದಾರೆ ಎನ್ನುತ್ತಿದ್ದರಂತೆ.

ಅದಕ್ಕೆ ಇದನ್ನು ಬರೆದೆ. ಇನ್ನೊಮ್ಮೆ ನೋಡಿದ್ದೇನೆ ಮಾಷ್ಟ್ರೆ. ಉಪ್ಪು ಹಾಕಿದ್ದು ಹಿಂದಿನ ದಿನ ಸಂಜೆ.